ಶಮೀಮ್ ಖಾಲಾರ ರಿಂಗು, ನಮ್ಮವ್ವನ ಕೈ

ಇವತ್ತು ದಾವಣಗೆರೆಯ ಎಂಬ್ರಾಯ್ಡರಿ ಅಂಗಡಿಯೊಂದರಲ್ಲಿ ಮಿಷನ್ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸಿನಲ್ಲೇ ಬಾಲ್ಯದ ನಮ್ಮ ಹರಿಹರದ ಓಣಿಗೆ ಹೋಗಿಬಿಟ್ಟೆ.

ಹೊಲದ ಕೂಲಿ ಮುಗಿಸಿ ಬಂದ ಅವ್ವ ನಾನು ಚಿಕ್ಕಮ್ಮನೆಂದು ಖಾಲಾ ಅನ್ನುತ್ತಿದ್ದ ಪಕ್ಕದ ಮನೆಯ ಶಮೀಮ್ ಹತ್ತಿರ ಮಿಷನ್ ಕಸೂತಿ ಕಲಿಯುತ್ತಿದ್ದಳು. ಬಟ್ಟೆಯನ್ನು ಬಿಗಿಯಾಗಿ ಹಿಡಿಯುವುದು ಒಂದರೊಳಗೊಂದು ಕೂರುವ ಎರಡು ರಿಂಗು; ಅದು ಜಾರದಂತೆ ಒಳಗಿನ ರಿಂಗಿಗೆ ಹಳೆ ಸೀರೆಯ ಪಟ್ಟಿ ಸುತ್ತಬೇಕು. ತೆಳು ಬಟ್ಟೆ ಸುಕ್ಕಾಗದಂತೆ ಅಡಿಯಲ್ಲಿ ಹಾಳೆ ಇಡಬೇಕು. ಒಂದು ಮದುವೆಯ ಬಿಳಿ ದುಪಟ್ಟಾಕ್ಕೆ ಅವ್ವ ಅವತ್ತಿನ ಪೇಪರನ್ನೇ ಇಟ್ಟಳು. ಅದರ ಮಸಿ ಬಟ್ಟೆಗೆ ಹತ್ತಿತು.

ಮದುಮಗಳ ತಾಯಿ ಕೂಗಾಡಿದರು. "ಶಮೀಮ್ ಬೀ, ಕಳೆ ಕೀಳೋ ಕೈಗೆ ನನ್ನ ಮಗಳ ದುಪಟ್ಟಾ ಯಾಕ ಕೊಟ್ರಿ?"

"ಬೆಳಿ ಬಿಟ್ಟು ಕಳೆ ಅಷ್ಟೇ ಕೀಳೋ ಕೈರೀ ಅದು. ಅಷ್ಟು ಹದ ನಿಮಗೈತೇನು? ನಾಳೆ ಬರ್ರಿ."

ಖಾಲಾ ಅವ್ವನತ್ತ ತಿರುಗಿದರು. "ಅಳಬ್ಯಾಡ ಗೌರಿ, ಕಣ್ಣೀರು ಬಿದ್ರೆ ಮಸಿ ಇನ್ನೂ ಹರಡ್ತೈತೆ. ಅದರ ಮ್ಯಾಲೆ ಬಳ್ಳಿ ಹಾಕು. ನೀನೇ ಹಾಕು."

ಅವ್ವ ಬಿಳಿ ಹಾಳೆ ಇಟ್ಟು, ರಿಂಗಿನ ತಿರುಪು ಬಿಗಿ ಮಾಡಿ, ಬಟ್ಟೆಯನ್ನು ಬೆರಳಿನಿಂದ ತಟ್ಟಿ ನೋಡಿ ಮಿಷನ್ ತುಳಿದಳು. ಕಡುಹಸಿರು ಬಳ್ಳಿಯ ಕೆಳಗೆ ಮಸಿ ಮುಚ್ಚಿಹೋಯಿತು. ಮರುದಿನ ಮದುಮಗಳೇ ಬಂದು ದುಪಟ್ಟಾ ಬಿಡಿಸಿ ನೋಡಿದಳು. "ಈ ಕಡೆ ತುದಿಗೂ ಇಂಥದ್ದೇ ಹಾಕ್ರಿ ಅಕ್ಕಾ" ಎಂದಳು. ಕೂಲಿಯಾಕೆ ಅವತ್ತು ಅಕ್ಕನಾದಳು. ಕಸುಬು ಯಾರಪ್ಪನ ಸ್ವತ್ತೂ ಅಲ್ಲ.

ಇವತ್ತಿನ ಅಂಗಡಿಯಲ್ಲಿ ಸಾರಥಿ ಎಂಬ ಹಳ್ಳಿಯಿಂದ ಬಂದ ಹೊಸ ಹುಡುಗಿಯೊಬ್ಬಳ ರಿಂಗಿನಿಂದ ನನ್ನ ರೇಷ್ಮೆ ಬ್ಲೌಸ್ ಜಾರುತ್ತಿತ್ತು. "ಬೇರೆಯವರಿಗೆ ಕೊಡ್ತೀನಿ ಮೇಡಂ" ಎಂದ ಮಾಲೀಕ.

"ಬ್ಯಾಡ್ರಿ, ಆಕೀನೇ ಹಾಕ್ಲಿ" ಎಂದು ಕುರ್ಚಿ ಎಳೆದುಕೊಂಡು ಕೂತೆ.