ಒಂದೇ ಇದ್ದ ಬೆಲ್ಟು

2022ರ ಮಾರ್ಚ್‌ನಲ್ಲಿ ಪುಣೆ ಹತ್ತಿರದ ತಳೇಗಾಂವ ದಾಭಾಡೆಯ ಕಾರ್ಖಾನೆಯೊಂದರ ಶೆಡ್ಡಿನ ಮೇಲಿಂದ ಬಿದ್ದು ಯಾದಗಿರಿ ಕಡೆಯ ಕಾರ್ಮಿಕ ಮಲ್ಲಪ್ಪ ಮೃತಪಟ್ಟರು. ನಾನು ಪುಣೆಯ ಮರಾಠಿ ದಿನಪತ್ರಿಕೆಯೊಂದರ ವರದಿಗಾರ. ಮನೆಮಾತು ಕನ್ನಡವಾದ್ದರಿಂದ ನನ್ನನ್ನೇ ಕಳಿಸಿದರು.

ತಗಡಿನ ಮನೆಯ ಮುಂದೆ ನಾಲ್ಕಾರು ಹೆಂಗಸರ ನಡುವೆ ಮಲ್ಲಪ್ಪನವರ ಹೆಂಡತಿ ಶಾಂತಮ್ಮ ಕೂತಿದ್ದರು. ನಾನೂ ನೆಲದ ಮೇಲೆ ಕೂತು, "ಹ್ಯಾಂಗಾತ್ರೀ ಅಕ್ಕಾ?" ಎಂದೆ. ಪತ್ರಿಕೆಯವನೆಂದು ಮೊದಲು ಹೇಳಿ ಆಮೇಲೆ ಪ್ರಶ್ನೆ ಕೇಳುವುದು ನನ್ನ ಪದ್ಧತಿ. ಅಂದು ಹೇಳಲಿಲ್ಲ. ಕನ್ನಡ ಕೇಳಿದ್ದೇ ತಡ, ಅವರು ನನ್ನನ್ನು ಸಾವಿಗೆ ಬಂದ ಊರ ಕಡೆಯವನೆಂದೇ ತಿಳಿದರು.

"ಮ್ಯಾಲಿಂದ ಬೀಳಬಾರ್ದಂತ ಕಟ್ಕೊಳ್ಳೋ ಬೆಲ್ಟ್ ಒಂದೇ ಇತ್ತಣ್ಣಾ. ನನ್ನ ತಮ್ಮ ಶರಣು ಹೊಸದಾಗಿ ಬಂದಾನ, ಮ್ಯಾಲ ಹತ್ತಾಕ ಅಂಜ್ತಾನ. ನಮ್ಮನಿಯವರು ನಂದು ಬ್ಯಾರೆ ಅದ ಅಂತ ಸುಳ್ಳು ಹೇಳಿ ಅವಗ ಕಟ್ಟಿದ್ರು. ಅವತ್ತ ಮಧ್ಯಾಹ್ನ ನಾ ಒಯ್ದ ಬುತ್ತಿ ಉಣ್ಣುವಾಗ ನನ್ನ ಮುಂದ ನಕ್ಕೋತ ಹೇಳಿದ್ರು. 'ನಿನ್ನ ತಮ್ಮಗ ಮದುಮಗಗ ಬಾಸಿಂಗ ಕಟ್ಟಿದಂಗ ಕಟ್ಟೀನಿ' ಅಂದ್ರು."

ಟಿಪ್ಪಣಿ ಪುಸ್ತಕಕ್ಕೆ ಕೈ ಹಾಕಿದಾಗ ನನಗೆ ಎಚ್ಚರವಾಯಿತು.

"ಅಕ್ಕಾ, ನಾ ಪೇಪರ್‌ದವ. ಮೊದಲೇ ಹೇಳಬೇಕಿತ್ತು, ತಪ್ಪಾತು. ಈಗ ನೀವು ಹೇಳಿದ್ದು ಬರೀಲೇನು?"

ಶಾಂತಮ್ಮ ನಳದ ಕಡೆ ನೋಡಿದರು. ಅಲ್ಲಿ ಶರಣು ಕೊಡ ತುಂಬುತ್ತಿದ್ದ. "ಬ್ಯಾಡ್ರಿ ಸಾಹೇಬ್ರ. ತನ್ನ ಸಲುವಾಗಿ ಹೋದ್ರು ಅಂತ ತಿಳದ್ರ ಅವ ಉಳಿಯಂಗಿಲ್ಲ. ಒಬ್ರನ್ನ ಕಳಕೊಂಡೀನಿ, ಸಾಕು."

ಅಣ್ಣಾ ಹೋಗಿ ಸಾಹೇಬ್ರು ಆಗಿದ್ದೆ. ಚೀಟಿಯಲ್ಲಿ ನನ್ನ ನಂಬರು ಬರೆದುಕೊಟ್ಟು ಎದ್ದೆ.

ಬೆಲ್ಟುಗಳ ಕೊರತೆ ಮುಚ್ಚಿಡುವ ವಿಷಯವಲ್ಲ. ಬೇರೆ ಇಬ್ಬರು ಕಾರ್ಮಿಕರಿಗೆ ನಾನು ಯಾರೆಂದು ಹೇಳಿ, ಅವರಿಂದ ಖಚಿತಪಡಿಸಿಕೊಂಡು ಅದನ್ನು ಬರೆದೆ. ಕಚೇರಿಯಲ್ಲಿ ಸುದ್ದಿ ಸಂಪಾದಕರು, ಹೆಂಡತಿಯ ಮಾತು ಎಲ್ಲಿ ಎಂದು ಕೇಳಿದರು. ಅವರಿಗಷ್ಟೇ ವಿಷಯ ತಿಳಿಸಿದೆ.

"ಕಾನಡಿ ಮಜೂರ ಆಪಲಾ ಪೇಪರ್ ಕುಠೇ ವಾಚತಾತ ರೇ?" ಎಂದರು. ಕನ್ನಡದ ಕೂಲಿಗಳು ನಮ್ಮ ಪತ್ರಿಕೆ ಎಲ್ಲಿ ಓದುತ್ತಾರೆ ಎಂದು.

"ತ್ಯಾಂಚಾ ಮುಕಾದಮ ವಾಚತೋ," ಎಂದೆ. ಅವರ ಮೇಸ್ತ್ರಿ ಓದುತ್ತಾನಲ್ಲ; ಅವನ ಬಾಯಿಂದ ಶರಣುವಿಗೆ ಮುಟ್ಟುತ್ತದೆ.

ಅವರು ಸುದ್ದಿಯನ್ನು ಹಾಗೆಯೇ ಪುಟಕ್ಕೆ ಕಳಿಸಿದರು.

ಈ ವರ್ಷ ಯುಗಾದಿಯ ಮರುದಿನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಶಾಂತಮ್ಮ. ಈಗ ಪುಣೆಯ ಕೋಥರೂಡದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಅಡುಗೆ ಕೆಲಸ ಮಾಡುತ್ತಾರಂತೆ.

"ಶರಣುಗ ಎಲ್ಲಾ ನಾನೇ ಹೇಳೀನಿ. ಎರಡು ದಿನ ಉಣಲಿಲ್ಲ. ಮೂರನೇ ದಿನ ಬೆಲ್ಟ್ ಕಟ್ಟಿಕೊಂಡು ಕೆಲಸಕ್ಕ ಹೋದ. ಅವರು ತನಗ ಬೆಲ್ಟ್ ಕಟ್ಟಿದ್ದು ಪೇಪರ್‌ದಾಗ ಬರ್ಲಿ ಅಂತ ಅವನೇ ಅಂದಾನ. ಈಗ ಬರಿ ಅಣ್ಣಾ."