ಮಾರ್ಫಿನ್‌ಗೆ ಭಾವನವರು ತಂದ ಉತಾರ

ಹೋದ ವರ್ಷ ಬೇಸಿಗೆಯ ಮೊದಲಿಗೆ ಬಸವಕಲ್ಯಾಣದ ನಮ್ಮ ಮನೆಯ ಒಳಕೋಣೆ ನನ್ನ ಕಾರ್ಯಸ್ಥಳವಾಯಿತು. ಗೃಹಿಣಿಗೆ ವರ್ಗಾವಣೆ ಎಂದರೆ ಅಡುಗೆಮನೆಯಿಂದ ಪಕ್ಕದ ಕೋಣೆಗೆ. ಅತ್ತೆಯವರ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಹುಮನಾಬಾದಿನ ಡಾಕ್ಟರು ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದರು. ಅಫೀಮಿನ ಕುಲದ, ಒಪಿಯಾಯ್ಡ್ ಎನ್ನುವ ನೋವಿನ ಔಷಧ ಅದು. ನುಂಗಿದ ಸ್ವಲ್ಪ ಹೊತ್ತಿಗೆ, ಸೆರಗು ಹಿಚುಕಿ ಹಿಡಿದ ಅತ್ತೆಯ ಮುಷ್ಟಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಕಣ್ಣಪಾಪೆ ಸಾಸಿವೆಯಷ್ಟಾಗುತ್ತಿತ್ತು. ಆಮೇಲೆ ನಿದ್ದೆ.

ಮೋರಖಂಡಿಯಲ್ಲಿ ಹೊಲ ನೋಡಿಕೊಳ್ಳುವ ದೊಡ್ಡ ಭಾವನವರಿಗೆ ಆ ನಿದ್ದೆಯ ಮೇಲೇ ಸಿಟ್ಟು. "ಹಡದಾಕಿನ್ನ ಮಾತಾಡಸ್ಲಾಕ ಬರ್ತೀನಿ, ಗೊರಕಿ ಕೇಳಿ ಹೋಗ್ತೀನಿ. ಅಫೀಮು ತಿನಿಸಿ ಕೆಡವೀರಿ," ಎನ್ನುತ್ತಿದ್ದರು.

ಒಂದು ಮುಂಜಾನೆ ಬಾಗಿಲಲ್ಲೇ, "ತಂಗಿ, ಉತಾರ ತಂದೀನಿ," ಎಂದರು.

ನಮ್ಮ ಕಡೆ ಉತಾರ ಎಂದರೆ ಹೊಲದ ಪಹಣಿ. ಕಾನ್ವೆಂಟಿನಲ್ಲಿ ಓದಿದ ನನಗೆ ಅದೊಂದೇ ಅರ್ಥ ಗೊತ್ತಿತ್ತು. "ಅಲಮಾರಿಯಾಗ ಇಡ್ರಿ ಭಾವಾರ," ಎಂದು ಚಹಾಕ್ಕೆ ನೀರಿಟ್ಟೆ.

"ಅಲಮಾರಿಯಾಗ ಯಾಕ? ಹಾಲಿನ್ಯಾಗ ಇಡ್ತೀನಿ," ಎಂದು ನಕ್ಕರು. ತಮಾಷೆ ಎಂದುಕೊಂಡೆ. ನಶೆ ಇಳಿಸುವ ಮದ್ದಿಗೂ ಉತಾರ ಎನ್ನುತ್ತಾರೆಂದು ತಿಳಿದದ್ದು ಆಮೇಲೆ.

ಮಧ್ಯಾಹ್ನ ಅತ್ತೆ ಎದ್ದು ಕೂತಿದ್ದರು. ಮುಖ ಕೆಂಪಾಗಿ, ತುಟಿ ಒಣಗಿ, ಇಲ್ಲದ ಸೂಜಿಗೆ ಇಲ್ಲದ ದಾರ ಪೋಣಿಸುತ್ತಿದ್ದರು. "ಗ್ವಾಡಿ ಮ್ಯಾಲ ಕುರಿ ಹತ್ಯಾವ, ಹೊಡಿ!"

"ನೋಡ್, ಅವ್ವ ಮಾತಾಡಾಕತ್ತಾಳ!" ಭಾವನವರ ಕಣ್ಣು ತುಂಬಿದ್ದವು.

ನಾನು ಅತ್ತೆಯ ಕಣ್ಣು ನೋಡಿದೆ. ಸಾಸಿವೆಯಷ್ಟಿದ್ದ ಪಾಪೆ ಕಣ್ತುಂಬ ಹರಡಿ ಕಪ್ಪಾಗಿತ್ತು. "ಏನ್ ಕೊಟ್ರಿ?"

"ದತ್ತೂರಿ ಬೀಜ. ಅಫೀಮಿಗೆ ಅದೇ ಉತಾರ, ಅಜ್ಜನ ಕಾಲದಿಂದ."

ಕಾರಿನಲ್ಲಿ ಹುಮನಾಬಾದಿಗೆ ಓಡಿದೆವು. ಡಾಕ್ಟರು ಭಾವನವರಿಗೆ ಹೇಳಿದರು: "ಒಂದು ನಿದ್ದಿ ತರ್ತದ, ಇನ್ನೊಂದು ಭ್ರಮೆ ತರ್ತದ. ಕೂಡಿಸಿ ಕಳದ್ರ ಸೊನ್ನಿ ಆಗೂದಿಲ್ರಿ. ಎರಡೂ ಮೈಯಾಗೇ ಇದ್ದು ಜಗ್ಗಾಡ್ತಾವ." ಪಾಪೆ ಅಗಲವಾದ ಮಾತ್ರಕ್ಕೆ ಉಸಿರಾಟ ಸರಿಯಾಯಿತೆಂದಲ್ಲ, ಎದೆಬಡಿತ ಏರಿದೆ, ಮೂತ್ರ ಕಟ್ಟಿದೆ ಎಂದೂ ವಿವರಿಸಿದರು.

ಅತ್ತೆ ಉಳಿದರು. ಮಾರ್ಫಿನ್ ಪ್ರಮಾಣ ಹೊಂದಿಸಿ ಕೊಡುತ್ತೇನೆ, ನಿಲ್ಲಿಸಬೇಡಿ ಎಂದರು ಡಾಕ್ಟರು. ಆದರೆ ಮನೆಗೆ ಬಂದ ಮೇಲೆ ಅಣ್ಣತಮ್ಮಂದಿರ ತೀರ್ಮಾನ ಬೇರೆಯೇ ಆಯಿತು. "ಎರಡೂ ನಶಾನೇ. ಒಂದೂ ಬ್ಯಾಡ." ನಾನು ಬಾಯಿ ತೆರೆದರೆ ನನ್ನವರು, "ಡಾಕ್ಟರ್ ಆಗೀ ಏನ್ ನೀ?" ಎಂದು ಮಾತ್ರೆಯ ಡಬ್ಬಿ ಎತ್ತಿಕೊಂಡು ಹೋದರು.

"ನನ್ನ ಸಣ್ಣ ಗುಳಗಿ ಎಲ್ಲಿ ಅದಾವ?" ಅತ್ತೆ ಕೇಳುತ್ತಲೇ ಇದ್ದರು. ಜ್ವರದ ಮಾತ್ರೆ ಕೊಟ್ಟೆ. ಹಿಚುಕಿ ಹಿಚುಕಿ ಸೆರಗು ಹರಿಯಿತು. ಮುಷ್ಟಿ ಮಾತ್ರ ಮತ್ತೆ ಬಿಚ್ಚಲಿಲ್ಲ.

ಅತ್ತೆಯ ಮಣ್ಣಿಗೆ ಬಂದವರಿಗೆಲ್ಲ ಭಾವನವರು ಹೇಳುತ್ತಿದ್ದರು: "ಅವ್ವ ಕಡೀತನಾ ಹೋಶ್‌ನ್ಯಾಗ ಇದ್ದಳು."

ಇದ್ದರು, ಖರೆ. ಕೊನೆಯ ಉಸಿರಿನವರೆಗೆ ಎಲ್ಲವೂ ಅವರಿಗೆ ಗೊತ್ತಾಗುತ್ತಿತ್ತು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ರೋಗಿ ಎಚ್ಚರ ಇರಬೇಕೋ ಬೇಡವೋ ಎಂದು ಮನೆಯವರೆಲ್ಲ ಸೇರಿ ಚರ್ಚಿಸುತ್ತಾರೆ, ರೋಗಿಯೊಬ್ಬರನ್ನು ಬಿಟ್ಟು.