ಕೊಕ್ಕರೆ ತಿಟ್ಟಿಗೆ ಹೋದ ರೈಟರ್

ಇವತ್ತು ಕುಶಾಲನಗರದ ಸೇತುವೆ ದಾಟುವಾಗ ಹಕ್ಕಿ ಹಿಕ್ಕೆಯ ಘಾಟು ಮೂಗಿಗೆ ಬಡಿದು, ನಮ್ಮೂರ ಹೊಳೆಯ ನಡುವಿನ ತಿಟ್ಟು ಕಣ್ಣಮುಂದೆ ಬಂತು.

ಅಜ್ಜಿಯ ಕಾಲಕ್ಕೂ ಹಿಂದೆ ಕಾವೇರಿ ಉಕ್ಕಿದಾಗ, ಕೊಚ್ಚಿಹೋಗುತ್ತಿದ್ದ ಊರವರು ಆ ತಿಟ್ಟಿನ ಮರಗಳನ್ನು ಹಿಡಿದು ಬದುಕಿದರಂತೆ. ಅಂದಿನಿಂದ ಅದು ದೇವರಕಾಡು. ಯಾರೂ ಅಲ್ಲಿ ಕಡ್ಡಿ ಮುರಿಯುತ್ತಿರಲಿಲ್ಲ. ಮರದ ತುಂಬ ಕೊಕ್ಕರೆ ಗೂಡು, ಬಂಡೆಗಳ ಮೇಲೆ ನೀರುನಾಯಿಗಳ ಆಟ.

ನಾನು ಚಿಕ್ಕವಳಿದ್ದಾಗ, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುತ್ತಿದ್ದ ರೈಟರ್ ಒಂದು ಬೆಳಿಗ್ಗೆ ಕೋವಿ ಹಿಡಿದು ತೆಪ್ಪದಲ್ಲಿ ಅಲ್ಲಿಗೆ ಹೋದ. ಮರಿಗಳಿಗೆ ಮೀನು ತಂದಿದ್ದ ತಾಯಿ ಕೊಕ್ಕರೆಯನ್ನು ಹೊಡೆದ. ದಡದಲ್ಲಿ ಅಳುತ್ತಿದ್ದ ನನಗೆ ಅದನ್ನು ಎತ್ತಿ ತೋರಿಸಿ, "ಸಾರು ಮಾಡಿದ್ರೆ ನಿಮ್ಮಜ್ಜಿಗೂ ಕಳಿಸ್ತೀನಿ ಕಣೇ!" ಎಂದು ನಕ್ಕ. ಮರಿಗಳು ಸಂಜೆಯವರೆಗೂ ಕೂಗಿ ಕೂಗಿ ಸುಮ್ಮನಾದವು. ಇವನೂ ಹಾಗೇ ಕೂಗಬೇಕು ಎಂದುಕೊಂಡೆ.

ಮರುದಿನ ಅವನು ಮತ್ತೆ ಹೋದ. ನಾನು ಸದ್ದಿಲ್ಲದೆ ಈಜಿಹೋಗಿ ತೆಪ್ಪದ ಹಗ್ಗ ಬಿಚ್ಚಿ ಬಂದೆ. ತೆಪ್ಪ ತೇಲಿಹೋಯಿತು. ರೈಟರಿಗೆ ಈಜು ಬರುತ್ತಿರಲಿಲ್ಲ. ಗೂಡುಗಳ ಕೆಳಗೆ ನಿಂತು ಕೂಗಿದ, ಬೈದ, ಕೊನೆಗೆ ಅತ್ತ. ಹಿಕ್ಕೆ ಬಿದ್ದು ಬೆಳ್ಳಗಾಗಿದ್ದ.

ಅಜ್ಜಿ ನನ್ನ ಒದ್ದೆ ಲಂಗ ನೋಡಿದಳು. "ಹಗ್ಗ ಬಿಚ್ಚಿದ್ದು ನೀನೇನೇ?"

"ಹೂಂ ಅಜ್ಜಿ."

"ಸರಿ, ಉಣ್ಣು ಬಾ. ಇನ್ನೊಂಚೂರು ಕೂಗ್ಲಿ ಅವ್ನು."

ಸಂಜೆಗೆ ಯಾರೋ ಕರೆತಂದರು. ಆಮೇಲೆ ಅವನು ತಿಟ್ಟಿನ ಕಡೆ ತಲೆ ಹಾಕಲಿಲ್ಲ.

ಮೊನ್ನೆ ಒಂದು ಮದುವೆಯಲ್ಲಿ ಮುದುಕನಾದ ರೈಟರ್ ಸಿಕ್ಕಿದ. ಬಗ್ಗಿ ಅವನ ಕಿವಿಯಲ್ಲಿ ಹೇಳಿದೆ: "ಅವತ್ತು ಹಗ್ಗ ತಾನಾಗೇ ಬಿಚ್ಚಿಕೊಳ್ಳಲಿಲ್ಲ ಮಾಮ. ಬಿಚ್ಚಿದ್ದು ನಾನು." ಅವನ ಬಾಯಿಯ ತುತ್ತು ಅಲ್ಲೇ ನಿಂತಿತು. ನಾನು ಪಕ್ಕದಲ್ಲೇ ಕೂತು ಪಾಯಸ ಮುಗಿಸಿದೆ.